ಹಲ್ಲಿನ ನರ ಪರೀಕ್ಷೆ: ಟೂತ್‌ಪೇಸ್ಟ್, ಜೆಲ್, ನೀರು, ಯಾವುದು ಸರಿ?

ಪ್ರಶ್ನೆ: ನಾನು ದಂತವೈದ್ಯಕೀಯ ವಿದ್ಯಾರ್ಥಿನಿ. ಎಲೆಕ್ಟ್ರಿಕ್ ಪಲ್ಪ್ ಟೆಸ್ಟರ್ (ಸಣ್ಣ ಕರೆಂಟ್ ಬಿಟ್ಟು ಹಲ್ಲಿನ ನರ ಉತ್ತರ ಕೊಡುತ್ತದಾ ಅಂತ ನೋಡುವ ಯಂತ್ರ) ಇಡುವಾಗ ಒಬ್ಬರು ಟೂತ್‌ಪೇಸ್ಟ್ ಹಚ್ಚು ಅಂತಾರೆ, ಇನ್ನೊಬ್ಬರು ಇಸಿಜಿ ಜೆಲ್ ಅಂತಾರೆ. ಮೊನ್ನೆ ಪೆಟ್ಟು ಬಿದ್ದ ಒಂದು ಮುಂದಿನ ಹಲ್ಲಿಗೆ ನೀರು ಹಚ್ಚಿ ನೋಡಿದೆ. ಮೊದಲ ಸಲ ರೋಗಿಗೆ ಏನೂ ಗೊತ್ತಾಗಲಿಲ್ಲ, ಎರಡನೇ ಸಲ ಇಟ್ಟ ಕೂಡಲೇ ಜುಮ್ ಅಂತು ಅಂದರು. ಯಾವುದನ್ನು ನಂಬಲಿ? ಪೆಟ್ರೋಲಿಯಂ ಜೆಲ್ಲಿ ಹಚ್ಚಬಹುದಾ?

ಉತ್ತರ: ನಿಮಗೆ ಸಿಕ್ಕ ಆ ಎರಡು ಉತ್ತರಗಳನ್ನೂ ನಂಬಬೇಡಿ. ತೊಂದರೆ ಹಲ್ಲಿನದಲ್ಲ, ನೀರಿನದು ಅನ್ನಿಸುತ್ತದೆ.

ಒಣಗಿದ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಕರೆಂಟನ್ನು ಸುಲಭವಾಗಿ ಬಿಡುವುದಿಲ್ಲ. ಜೊತೆಗೆ ಹಲ್ಲಿನ ಮೈ ಉಬ್ಬಿರುತ್ತದೆ, ಪ್ರೋಬ್ (ಹಲ್ಲಿಗೆ ಇಡುವ ಯಂತ್ರದ ಕಡ್ಡಿ) ತುದಿ ಅದಕ್ಕೆ ತಾಗುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ, ಸುತ್ತ ಉಳಿದದ್ದೆಲ್ಲ ಗಾಳಿ. ಆ ಸಂದು ತುಂಬೋಕೆ ಪೇಸ್ಟ್ ಬೇಕು. ಟೂತ್‌ಪೇಸ್ಟ್, ಫ್ಲೋರೈಡ್ ಜೆಲ್, ಇಸಿಜಿ ಜೆಲ್ ಇವೆಲ್ಲದರಲ್ಲೂ ನೀರು ಮತ್ತು ಅಯಾನುಗಳಿವೆ, ಹಾಗಾಗಿ ಕರೆಂಟ್ ದಾಟುತ್ತದೆ. ಇವುಗಳಲ್ಲಿ ಯಾವುದಾದರೂ ಸರಿ, ಆದರೆ ಒಬ್ಬ ರೋಗಿಗೆ ಒಂದನ್ನೇ ಬಳಸಿ. ಇಲ್ಲದಿದ್ದರೆ ಎರಡು ಹಲ್ಲುಗಳಿಗೆ ಯಂತ್ರ ತೋರಿಸುವ ಅಂಕಿ ಹೋಲಿಸೋಕೆ ಆಗಲ್ಲ. ಪೆಟ್ರೋಲಿಯಂ ಜೆಲ್ಲಿ ಬರೀ ಎಣ್ಣೆಯ ಜಾತಿ. ಅದು ಕರೆಂಟ್ ತಡೆಯುತ್ತದೆ, ಬೇಡ.

ನೀರು ನಿಂತಲ್ಲಿ ನಿಲ್ಲುವುದಿಲ್ಲ. ಆರಿಹೋದರೆ ಬದುಕಿರುವ ಹಲ್ಲೂ ಸುಮ್ಮನಿರುತ್ತದೆ. ಒಸಡಿಗೆ ಹರಿದರೆ ಒಸಡು ಜುಮ್ ಅನ್ನುತ್ತದೆ, ರೋಗಿ ಹಲ್ಲೇ ಅಂದುಕೊಳ್ಳುತ್ತಾರೆ. ನಿಮಗೆ ಎರಡೂ ಆಗಿರಬಹುದು.

ಪೇಸ್ಟ್ ಕೂಡ ಜಾಸ್ತಿ ಆದರೆ ಇದೇ ಕಥೆ. ಹತ್ತಿಯ ರೋಲ್ ಇಟ್ಟು, ಗಾಳಿ ಬಿಟ್ಟು ಹಲ್ಲನ್ನು ಚೆನ್ನಾಗಿ ಒಣಗಿಸಿ. ಪ್ರೋಬ್ ತುದಿಗೆ ಸಾಸಿವೆ ಕಾಳಿನಷ್ಟು ಪೇಸ್ಟ್ ಸಾಕು. ಮುಂದಿನ ಹಲ್ಲಾದರೆ ಕಚ್ಚುವ ಅಂಚಿನ ಹತ್ತಿರ ಇಡಿ, ಒಸಡಿನ ಕಡೆಗೆ ಬೇಡ. ಪಕ್ಕದ ಹಲ್ಲಿನಲ್ಲಿ ಲೋಹದ ಫಿಲ್ಲಿಂಗ್ ತಾಗಿಕೊಂಡಿದ್ದರೆ ನಡುವೆ ಪ್ಲಾಸ್ಟಿಕ್ ಸ್ಟ್ರಿಪ್ ತೂರಿಸಿ, ಇಲ್ಲದಿದ್ದರೆ ಕರೆಂಟ್ ಆ ಕಡೆ ಜಾರುತ್ತದೆ. ನಿಮ್ಮ ಕೈಯಲ್ಲಿ ಗ್ಲೌಸ್ ಇರುತ್ತದೆ ಅಲ್ವಾ, ಅದರಿಂದ ಸರ್ಕ್ಯೂಟ್ ಪೂರ್ತಿಯಾಗಲ್ಲ. ತುಟಿಗೆ ಕ್ಲಿಪ್ ಹಾಕಿ, ಅಥವಾ ಲೋಹದ ಹಿಡಿಯನ್ನು ರೋಗಿಯೇ ಬೆರಳಿನಿಂದ ಮುಟ್ಟಿರಲಿ. ಜುಮ್ ಅಂದ ಕೂಡಲೇ ಬೆರಳು ತೆಗೆದರೆ ಕರೆಂಟ್ ನಿಲ್ಲುತ್ತದೆ ಅಂತ ಮೊದಲೇ ಹೇಳಿ, ಅವರ ಹೆದರಿಕೆ ಅರ್ಧ ಇಳಿಯುತ್ತದೆ. ಪೇಸ್‌ಮೇಕರ್ ಇದೆಯಾ ಅಂತ ಕೇಳೋದನ್ನು ಮಾತ್ರ ಮರೀಬೇಡಿ.

ಇನ್ನೊಂದು ವಿಷಯ. ಈ ಯಂತ್ರ ನೋಡೋದು ನರವನ್ನು, ರಕ್ತ ಓಡಾಟವನ್ನಲ್ಲ. ಪೆಟ್ಟು ಬಿದ್ದ ಹಲ್ಲು ಒಳಗೆ ಜೀವಂತ ಇದ್ದರೂ ವಾರಗಟ್ಟಲೆ ಉತ್ತರ ಕೊಡದೇ ಇರಬಹುದು. ಹಾಗಾಗಿ ಆ ರೋಗಿಯನ್ನು ಮತ್ತೆ ಕರೆಸಿ. ಮೊದಲು ಇನ್ನೊಂದು ಬದಿಯ ಅದೇ ಹಲ್ಲಿಗೆ ಇಟ್ಟು ಜುಮ್ ಅಂದರೆ ಹೇಗಿರುತ್ತದೆ ಅಂತ ತೋರಿಸಿ, ಆಮೇಲೆ ಈ ಹಲ್ಲನ್ನು ನೋಡಿ, ತಣ್ಣನೆಯ ಪರೀಕ್ಷೆಯನ್ನೂ ಮಾಡಿ. ಅಲ್ಲಿಯವರೆಗೆ ರೂಟ್ ಕೆನಾಲ್ ಮಾತೆತ್ತಬೇಡಿ.