ವೇಗಸ್ ನರದ ಯಂತ್ರ ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ

ಎದ್ದು ನಿಂತರೆ ಎದೆ ಬಡಿದುಕೊಳ್ಳುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ, ಮಿದುಳಿನಿಂದ ಹೃದಯಕ್ಕೆ ಇಳಿದು ಬಡಿತವನ್ನು ನಿಧಾನಗೊಳಿಸುವ ವೇಗಸ್ ನರವನ್ನು ಪ್ರಚೋದಿಸಲು ಕಿವಿಗೆ ಸಿಕ್ಕಿಸುವ ಯಂತ್ರಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನಾನೂ ಕುರ್ಚಿಯಿಂದ ಏಳುವಾಗಲೆಲ್ಲ ಮೇಜು ಹಿಡಿದುಕೊಳ್ಳುತ್ತಿದ್ದೆ. ಬಿಸಿಲಿನ ಪ್ರತಾಪವೆಂದು ಜೊತೆಯವರು ಹೇಳಿದರು. ನರದ ದೋಷವೆಂದು ನಂಬಿ ನಾನು ಯಂತ್ರ ತರಿಸಿದೆ.

ಅದರ ಹಿಂದಿನ ವಿಜ್ಞಾನ ಸುಳ್ಳಲ್ಲ. ವೇಗಸ್ ನರದ ಒಂದು ಕವಲು ಹೊರಕಿವಿಗೆ ಬರುತ್ತದೆ; ಅಲ್ಲಿ ಕೊಟ್ಟ ಸಣ್ಣ ವಿದ್ಯುತ್ ಮಿಡಿತ ಮಿದುಳುಕಾಂಡವನ್ನು ತಲುಪಿ, ಹೃದಯಕ್ಕೆ ಇಳಿಯುವ ಸಂಕೇತಗಳನ್ನು ಬದಲಿಸಬಲ್ಲದು. ಆರೋಗ್ಯವಂತರಲ್ಲಿ ಸಿಂಪಥೆಟಿಕ್ ನರಗಳ (ಹೃದಯವನ್ನು ಬೇಗ ಬಡಿಸುವ ನರಗಳು) ಚಟುವಟಿಕೆ ತಗ್ಗಿದ್ದನ್ನು 2014ರ ಅಧ್ಯಯನವೊಂದು ನೇರವಾಗಿ ನರದಲ್ಲೇ ಅಳೆದಿತ್ತು. ಆದರೆ 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ, ಹೃದಯ ಬಡಿತದ ಏರಿಳಿತದ (ಬಡಿತದಿಂದ ಬಡಿತಕ್ಕೆ ಅಂತರ ಬದಲಾಗುವುದರ) ಮೇಲೆ ಹುಸಿ ಪ್ರಚೋದನೆಗಿಂತ, ಅಂದರೆ ಹೋಲಿಕೆಗಾಗಿ ವೇಗಸ್ ಕವಲಿಗೆ ತಾಕದಂತೆ ಕೊಡುವ ಮಿಡಿತಕ್ಕಿಂತ, ಹೆಚ್ಚಿನ ಪರಿಣಾಮ ಕಾಣಲಿಲ್ಲ.

ನನ್ನ ಕೈಗಡಿಯಾರ ತೋರಿಸುತ್ತಿದ್ದುದು ಅದೇ ಏರಿಳಿತವನ್ನು, ಮತ್ತು ನಾನು ತಪ್ಪಿದ್ದು ಅಲ್ಲಿಯೇ. ಯಂತ್ರ ಹಚ್ಚಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರಾಡುತ್ತ ಕೂರುತ್ತಿದ್ದೆ. ಅಂಕಿ ಪ್ರತಿ ಸಲವೂ ಏರುತ್ತಿತ್ತು, ಅದನ್ನೇ ಸುಧಾರಣೆಯೆಂದುಕೊಂಡೆ. ಉಸಿರು ಒಳಗೆಳೆದಾಗ ಹೃದಯ ಬೇಗ ಬಡಿಯುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ನಿಮಿಷಕ್ಕೆ ಸುಮಾರು 6 ಉಸಿರಿನ ಗತಿಯಲ್ಲಿ ಈ ವ್ಯತ್ಯಾಸ ತಾನಾಗಿಯೇ ಹಿಗ್ಗುತ್ತದೆ. ಯಂತ್ರವನ್ನು ಬಂದ್ ಮಾಡಿ ಹಾಗೆಯೇ ಉಸಿರಾಡಿದ್ದರೆ, ಅಥವಾ ಸಂಶೋಧಕರು ಹುಸಿ ಪ್ರಚೋದನೆಗೆ ಆಯ್ದುಕೊಳ್ಳುವ ಕಿವಿಯ ಹಾಲೆಗೆ ಕ್ಲಿಪ್ ಹಾಕಿ ನೋಡಿದ್ದರೆ, ಅಂಕಿ ಏರಿಸುತ್ತಿದ್ದುದು ಉಸಿರೆಂದು ತಿಳಿಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ತೊಂದರೆ ಇದ್ದದ್ದು ನಿಂತಾಗ, ನಾನು ಅಳೆದದ್ದು ಕೂತಾಗ. ಅಂಕಿ ಸುಧಾರಿಸುತ್ತಿದೆಯೆಂಬ ಧೈರ್ಯದಲ್ಲಿ ವೈದ್ಯರು ಬರೆದುಕೊಟ್ಟ ರಕ್ತ ಪರೀಕ್ಷೆಯನ್ನು ಮುಂದೂಡುತ್ತ ಹೋದೆ. ಕೊನೆಗೆ ಮಾಡಿಸಿದಾಗ ಹಿಮೋಗ್ಲೋಬಿನ್ ತೀರ ಕುಸಿದಿತ್ತು. ಮೂಲವ್ಯಾಧಿಯಿಂದ ರಕ್ತ ಹೋಗುತ್ತಲೇ ಇತ್ತು. ರಕ್ತವು ಹೊತ್ತೊಯ್ಯುವ ಆಮ್ಲಜನಕ ಕಡಿಮೆಯಾದಾಗ ಹೃದಯ ಬೇಗ ಬಡಿದು ಅದನ್ನು ಸರಿದೂಗಿಸಬೇಕು. ನನ್ನ ನರಗಳು ಮಾಡಬೇಕಾದ ಕೆಲಸವನ್ನೇ ಮಾಡುತ್ತಿದ್ದವು, ನಾನು ಅವುಗಳನ್ನು ತಡೆಯಲು ಹೊರಟಿದ್ದೆ.

ನೀವು 5 ನಿಮಿಷ ಮಲಗಿ ನಾಡಿ ಮತ್ತು ರಕ್ತದೊತ್ತಡ ನೋಡಿಕೊಳ್ಳಿ; ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಎದ್ದುನಿಂತು, 3ನೆಯ ಮತ್ತು 10ನೆಯ ನಿಮಿಷದಲ್ಲಿ ಮತ್ತೆ ಅಳೆಯಿರಿ. ಮೇಲಿನ ಒತ್ತಡ 20ರಷ್ಟು ಇಳಿದರೆ ಅಥವಾ ನಾಡಿ 30ರಷ್ಟು ಏರಿದರೆ, ಬರೆದಿಟ್ಟ ಅಂಕಿಗಳೊಂದಿಗೆ ವೈದ್ಯರ ಬಳಿಗೆ ಹೋಗಿ, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಮೂರನ್ನೂ ಪರೀಕ್ಷಿಸಲು ಕೇಳಿ. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರು ಕಡೆಯೂ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಮಲದಲ್ಲಿ ರಕ್ತ ಕಂಡಿದ್ದರೆ, ನಾನು ನಾಚಿಕೆಯಿಂದ ಮುಚ್ಚಿಟ್ಟಂತೆ ಮುಚ್ಚಿಡದೆ, ಮೊದಲು ಅದನ್ನೇ ಹೇಳಿ.