ಟಿಕೆಟ್ ಬೇಡ, ಚಪ್ಪಾಳೆ ಇರಲಿ

ಪತ್ರ: ಇಟಲಿಯ ಯುವ ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ವಾದಕರು ಶಿವಮೊಗ್ಗದಲ್ಲಿ ಕೊಟ್ಟ ಉಚಿತ ಕಚೇರಿಗೆ ಹೋಗಿದ್ದೆ. ಜನ ನಡುನಡುವೆ ಚಪ್ಪಾಳೆ ತಟ್ಟಿದರು. ಕೆಲವರು ಅರ್ಧಕ್ಕೇ ಎದ್ದು ಹೋದರು. ಅತಿಥಿಗಳ ಮುಂದೆ ನಾಚಿಕೆಯಾಯಿತು. ಇನ್ನೂರು ರೂಪಾಯಿ ಟಿಕೆಟ್ ಇಟ್ಟರೆ ತಿಳಿದವರು ಮಾತ್ರ ಬರುತ್ತಾರಲ್ಲವೇ?
(ಓದುಗರೊಬ್ಬರು, ಸಾಗರ)

ಸಂಪಾದಕರ ಉತ್ತರ:

ನಮಸ್ಕಾರ. ದೂರದಿಂದ ಬಂದವರ ಮುಂದೆ ನಮ್ಮೂರು ಚೆನ್ನಾಗಿ ಕಾಣಬೇಕು ಅನ್ನುವ ನಿಮ್ಮ ಆಸೆ ನನ್ನದೂ ಹೌದು. ಆದರೆ ಟಿಕೆಟ್ ಮಾತಿಗೆ ನನ್ನ ಒಪ್ಪಿಗೆಯಿಲ್ಲ.

ಚಪ್ಪಾಳೆಗೆ ನೀವು ನಾಚಬೇಕಾಗಿಲ್ಲ. ಅಲ್ಲಿನ ದೊಡ್ಡ ಕೃತಿಗಳಲ್ಲಿ ಮೂರು-ನಾಲ್ಕು ಭಾಗ ಇರುತ್ತವೆ. ಎಲ್ಲ ಮುಗಿದ ಮೇಲೆ ತಟ್ಟುವುದು ಈಗಿನ ರೂಢಿ. ಹಿಂದೆ ಹೀಗಿರಲಿಲ್ಲ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಸಿಂಫನಿ (ವಾದ್ಯವೃಂದದ ದೊಡ್ಡ ಕೃತಿ) ನಡೆಯುತ್ತಿರುವಾಗಲೇ ಜನ ಚಪ್ಪಾಳೆ ಹೊಡೆದರು ಅಂತ ಸಂಗೀತಗಾರ ಮೊಜಾರ್ಟ್ ಖುಷಿಯಿಂದ ಅಪ್ಪನಿಗೆ ಕಾಗದ ಬರೆದಿದ್ದಾನೆ. ನಾವಾದರೂ 'ಭೇಷ್' ಅನ್ನಲು ಮಂಗಳ ಹಾಡುವವರೆಗೆ ಕಾಯುತ್ತೇವಾ?

ಚೆಲ್ಲೋ ನಮಗೆ ತೀರಾ ಹೊರಗಿನದೂ ಅಲ್ಲ. ಅದು ಪಿಟೀಲಿನ ಮನೆತನದ್ದು. ಎರಡೂ ರೂಪುಗೊಂಡದ್ದು 16ನೇ ಶತಮಾನದ ಉತ್ತರ ಇಟಲಿಯಲ್ಲಿ. ಕ್ರೆಮೋನಾ ಊರಿನ ಆಂದ್ರೆಯಾ ಅಮಾತಿ ಕೈಯಿಂದ ಮಾಡಿದ ಚೆಲ್ಲೋ ಇವತ್ತಿಗೂ ಉಳಿದಿದೆ. ಮೊದಮೊದಲು ಅದಕ್ಕಿದ್ದದ್ದು ಜಾಸ್ತಿ ಹಿಮ್ಮೇಳದ ಕೆಲಸ. 17ನೇ ಶತಮಾನದ ಕೊನೆಗೆ ಬೊಲೋನ್ಯಾದ ಡೊಮೆನಿಕೊ ಗಾಬ್ರಿಯೆಲ್ಲಿಯಂಥವರು ಅದೊಂದಕ್ಕೇ ಕೃತಿ ಬರೆದರು. ಪಿಟೀಲು ನಮ್ಮಲ್ಲಿಗೆ ಬಂದು, ಮೈಸೂರಿನ ಚೌಡಯ್ಯನವರ ಕೈಯಲ್ಲಿ ಏಳು ತಂತಿಯದಾಗಿ, ನಮ್ಮದೇ ಆಯಿತು. ಅದಕ್ಕೆ ಕಿವಿ ಕೊಟ್ಟವರಿಗೆ ಚೆಲ್ಲೋ ಕೇಳಲು ಬೇರೆ ವಿದ್ಯೆ ಬೇಕಾ?

ಅವತ್ತು ನಡೆದ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂತೋ ಇಲ್ಲವೋ. ಚೆಲ್ಲೋದ ಕೆಳಗೆ ಉಕ್ಕಿನ ಕಡ್ಡಿ ಇರುತ್ತದೆ. ಅದರ ಮೊನೆ ನೆಲಕ್ಕೆ ಊರಬೇಕು. ನಮ್ಮ ವೇದಿಕೆಯ ನುಣುಪು ನೆಲದಲ್ಲಿ ಅದು ಜಾರುತ್ತಿತ್ತು. ಒಬ್ಬ ಹುಡುಗಿ ಮತ್ತೆ ಮತ್ತೆ ಕುರ್ಚಿ ಸರಿಸಿ ಒದ್ದಾಡುತ್ತಿದ್ದಳು. ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವವರೊಬ್ಬರು ಎದ್ದು ಹೊರಗೆ ಹೋದರು. ಗೋಣಿತಾಟು ತಂದು ನಾಲ್ಕು ಮಡಿಕೆ ಮಾಡಿ ಹಾಸಿದರು. ಮೊನೆ ಕಚ್ಚಿ ನಿಂತಿತು. ಮಳೆಯ ತೇವಕ್ಕೆ ಶ್ರುತಿ ಕದಲಿತ್ತು, ಅದನ್ನೂ ಸರಿಮಾಡಿಕೊಂಡು ಅವಳು ನುಡಿಸಿದಳು. ಗೋಣಿತಾಟು ತಂದವರು ಕೊನೆಯವರೆಗೂ ಕೂತು ಕೇಳಿದರು. ಇನ್ನೂರು ರೂಪಾಯಿ ಟಿಕೆಟ್ ಇದ್ದಿದ್ದರೆ ಅವರು ಒಳಗೇ ಬರುತ್ತಿರಲಿಲ್ಲ.

ಪುಕ್ಕಟೆ ಆದರೆ ಬೆಲೆ ಇಲ್ಲ ಅನ್ನುವುದು ಮಲೆನಾಡಿಗೆ ಒಪ್ಪುವ ಮಾತಲ್ಲ. ಯಕ್ಷಗಾನದ ಹರಕೆ ಆಟಕ್ಕೆ ಒಂದು ಮನೆಯವರು ದುಡ್ಡು ಹಾಕುತ್ತಾರೆ. ಊರಿಗೆ ಊರೇ ಬೆಳಗಿನವರೆಗೆ ಕೂತು ನೋಡುತ್ತದೆ. ಭಾಗವತರು ಒಂದು ಪದ ಎತ್ತುವಲ್ಲಿ ತಪ್ಪಿದರೆ ಆ ಜನ ಸುಮ್ನೆ ಬಿಡುವುದಿಲ್ಲ.

ಇನ್ನು ಎದ್ದು ಹೋದವರ ವಿಷಯ. ಬೇಸರವಾಗಿ ಹೋದವರೂ ಇರಬಹುದು. ಆದರೆ ಬಾಗಿಲಲ್ಲಿ ನಾನು ಮಾತಾಡಿಸಿದವರೆಲ್ಲ ತೀರ್ಥಹಳ್ಳಿ, ಹೊಸನಗರ ಕಡೆಯವರು. ಅವರಿಗೆ ಬಸ್ಸಿನ ಚಿಂತೆ. ಹಾಗಾಗಿ ಸಂಘಟಕರಿಗೆ ಎರಡು ಮಾತು ಹೇಳಿದ್ದೇನೆ. ಪ್ರತಿ ಕೃತಿಗೆ ಮೊದಲು ಅದರಲ್ಲಿ ಎಷ್ಟು ಭಾಗ ಇದೆ ಅಂತ ಕನ್ನಡದಲ್ಲಿ ತಿಳಿಸಿ. ಕಚೇರಿಯನ್ನು ಸಂಜೆ ನಾಲ್ಕಕ್ಕೇ ಶುರು ಮಾಡಿ.