ಓದುಗರ ಪ್ರಶ್ನೆ, ನಮ್ಮ ಉತ್ತರ: ನರಗಳಿಗೆ ಒಗ್ಗುವ ಮೆದು ಸಾಧನಗಳು

ಪ್ರಶ್ನೆ: ಮಿದುಳಿನಲ್ಲಿ ಎಲೆಕ್ಟ್ರೋಡ್ ಅಳವಡಿಸಿಕೊಂಡು, ಕೈಕಾಲಿನ ಸ್ವಾಧೀನ ಕಳೆದುಕೊಂಡವರು ಕಂಪ್ಯೂಟರ್ ನಡೆಸುವ ಸುದ್ದಿ ಓದಿದೆ. ಇಂಥ ಸಾಧನಗಳನ್ನು ಈಗ ಮೆದುವಾದ, ಬಾಗುವ ವಸ್ತುಗಳಿಂದ ತಯಾರಿಸುತ್ತಾರಂತೆ. ಲೋಹ, ಸಿಲಿಕಾನ್‌ಗಳಲ್ಲಿ ಏನು ಕೊರತೆಯಿತ್ತು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ವಿದ್ಯುತ್ ಸಂಕೇತವನ್ನು ಹಿಡಿಯುವ ಕೆಲಸದಲ್ಲಿ ಅವು ಹಿಂದೆ ಬಿದ್ದಿರಲಿಲ್ಲ. ತೊಡಕು ಇರುವುದು ಗಡಸುತನದಲ್ಲಿ. ವಸ್ತುಗಳ ಬಿಗುವನ್ನು ಅಳೆಯುವ ಯಂಗ್ ಗುಣಾಂಕವು ಸಿಲಿಕಾನ್‌ಗೆ ಸುಮಾರು 150 ಗಿಗಾಪ್ಯಾಸ್ಕಲ್ ಇದ್ದರೆ, ಮಿದುಳಿನ ಅಂಗಾಂಶಕ್ಕೆ ಕೆಲವೇ ಕಿಲೋಪ್ಯಾಸ್ಕಲ್. ಅಂದರೆ ಎರಡರ ನಡುವೆ ಕೋಟಿಗಟ್ಟಲೆ ಪಟ್ಟಿನ ಅಂತರವಿದೆ. ಮಿದುಳು ಪ್ರತಿ ಉಸಿರಿಗೂ ನಾಡಿಮಿಡಿತಕ್ಕೂ ತುಸುವೇ ಅಲುಗುತ್ತದೆ. ಗಡಸು ಸೂಜಿಯು ಅದರೊಂದಿಗೆ ಅಲುಗದೆ ಸುತ್ತಲಿನ ಕೋಶಗಳನ್ನು ಒತ್ತುತ್ತಾ ಉಜ್ಜುತ್ತಾ ಇರುವುದರಿಂದ, ಮೈಕ್ರೋಗ್ಲಿಯಾ ಮತ್ತು ಆಸ್ಟ್ರೋಸೈಟ್ ಎಂಬ ಕೋಶಗಳು ಅದನ್ನು ಸುತ್ತುವರಿದು ಗಾಯದ ಪೊರೆ ಕಟ್ಟುತ್ತವೆ. ಸಂಕೇತ ಕ್ರಮೇಣ ಮಂಕಾಗುತ್ತದೆ. ನಾಲ್ಕು ಮಿಲಿಮೀಟರ್ ಚೌಕದಲ್ಲಿ ನೂರು ಸಿಲಿಕಾನ್ ಸೂಜಿಗಳಿರುವ, ಬಹುಕಾಲದಿಂದ ಬಳಕೆಯಲ್ಲಿರುವ ಯೂಟಾ ಅರೇ ಸಾಧನಕ್ಕೂ ಈ ಪಾಡು ತಪ್ಪಿದ್ದಲ್ಲ.

ಹಾಗಾದರೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸಾಲದೇ? ಹಾಳೆಯ ದಪ್ಪವನ್ನು ಹತ್ತನೇ ಒಂದು ಪಾಲಿಗೆ ಇಳಿಸಿದರೆ ಅದನ್ನು ಬಾಗಿಸುವುದು ಸಾವಿರ ಪಟ್ಟು ಸುಲಭವಾಗುತ್ತದೆ ಎಂಬುದು ನಿಜ. 2010ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ರಾಜರ್ಸ್, ಟಫ್ಟ್ಸ್ ವಿಶ್ವವಿದ್ಯಾಲಯದ ಫಿಯೊರೆಂಜೊ ಒಮೆನೆಟ್ಟೊ ಮತ್ತು ಸಂಗಡಿಗರು ಈ ಲೆಕ್ಕವನ್ನೇ ನಂಬಿ, ಪಾಲಿಇಮೈಡ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ, ಎಲೆಕ್ಟ್ರೋಡ್‌ಗಳಿರುವ 2.5 ಮೈಕ್ರೋಮೀಟರ್ ದಪ್ಪದ ಜಾಲರಿಯನ್ನು ರೇಷ್ಮೆಯ ಪ್ರೋಟೀನಿನ ಪದರದ ಮೇಲೆ ಕೂರಿಸಿ ಬೆಕ್ಕಿನ ಮಿದುಳಿನ ಮೇಲಿಟ್ಟರು. ರೇಷ್ಮೆ ಕರಗಿದಂತೆ ಜಾಲರಿಯು ಒದ್ದೆ ಬಟ್ಟೆಯ ಹಾಗೆ ಮಿದುಳಿನ ಉಬ್ಬುತಗ್ಗುಗಳಿಗೆ ಅಂಟಿ ಕುಳಿತಿತು. (ಆ ಪ್ರೋಟೀನು ಬಂದದ್ದು ರಾಮನಗರದ ಮಾರುಕಟ್ಟೆಗೆ ಬರುವ ಗೂಡುಗಳನ್ನು ಕಟ್ಟುವ ಹಿಪ್ಪುನೇರಳೆ ಹುಳುವಿನ ಜಾತಿಯಿಂದಲೇ, ಗೂಡನ್ನು ಕುದಿಸಿ ಅಂಟನ್ನು ತೆಗೆದ ಮೇಲೆ ಉಳಿಯುವ ಭಾಗವದು.)

ಆದರೆ ಬಾಗುವುದೇ ಬೇರೆ, ಹಿಗ್ಗುವುದೇ ಬೇರೆ. ಬೆನ್ನುಹುರಿಯು ನಾವು ನಡೆದಾಗ, ಬಗ್ಗಿದಾಗ ಹಿಗ್ಗಿ ಕುಗ್ಗುತ್ತದೆ. ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸ್ಟೆಫಾನಿ ಲಾಕೂರ್ ಮತ್ತು ಗ್ರೆಗ್ವಾರ್ ಕೂರ್ಟೀನ್ ತಂಡವು 2015ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. 25 ಮೈಕ್ರೋಮೀಟರ್ ದಪ್ಪದ, ಬಾಗುವ ಆದರೆ ಹಿಗ್ಗದ ಪಾಲಿಇಮೈಡ್ ಹಾಳೆಯನ್ನು ಅಳವಡಿಸಿದ ಇಲಿಗಳ ಬೆನ್ನುಹುರಿ ಆರು ವಾರಗಳಲ್ಲಿ ಆಕಾರಗೆಟ್ಟು, ನಡಿಗೆಯೂ ಕೆಟ್ಟಿತು. ಅದಕ್ಕಿಂತ ದಪ್ಪಗಿದ್ದರೂ ಹಿಗ್ಗಬಲ್ಲ ಸಿಲಿಕೋನ್ ರಬ್ಬರಿನ (ಇದು ಗಡಸು ಸಿಲಿಕಾನ್ ಅಲ್ಲ) ‘ಇ-ಡ್ಯೂರಾ’ ಎಂಬ ಆ ತಂಡದ ಸಾಧನ ಅಂಥ ಹಾನಿ ಮಾಡಲಿಲ್ಲ. ಅದರಲ್ಲಿ ತಂತಿಗಳಾಗಿ ಇದ್ದದ್ದು ಚಿನ್ನದ ತೆಳು ಲೇಪ. ಆ ಲೇಪದ ತುಂಬ ಕಣ್ಣಿಗೆ ಕಾಣದ ಬಿರುಕುಗಳಿದ್ದುದರಿಂದಲೇ ಅದು ರಬ್ಬರಿನೊಂದಿಗೆ ಹಿಗ್ಗಿದರೂ ತುಂಡಾಗದೆ ವಿದ್ಯುತ್ ಸಾಗಿಸಿತು. ಹೀಗೆ ಬಿರುಕನ್ನೇ ಕೆಲಸಕ್ಕೆ ಹಚ್ಚಿದ್ದು ಈ ಕ್ಷೇತ್ರದ ಅತ್ಯಂತ ಜಾಣ ಉಪಾಯಗಳಲ್ಲೊಂದು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಇಷ್ಟು ಮೆದುವಾದದ್ದನ್ನು ಮಿದುಳಿನೊಳಗೆ ಚುಚ್ಚುವುದು ಹೇಗೆ? ಅದು ಬಾಳಿಕೆ ಬರುತ್ತದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೆದು ಎಳೆ ತಾನಾಗಿ ಒಳಹೋಗದೆ ಮಡಚಿಕೊಳ್ಳುತ್ತದೆ. ಆದ್ದರಿಂದ ಗಡಸು ಸೂಜಿಯೊಂದು ಅದನ್ನು ಒಳಗೆ ಒಯ್ದು, ಅಲ್ಲಿಯೇ ಬಿಟ್ಟು ಹಿಂದಿರುಗಬೇಕು. ಮಿದುಳನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ ತಯಾರಿಸುವ ನ್ಯೂರಾಲಿಂಕ್ ಸಂಸ್ಥೆಯ ರೋಬಾಟ್ ಎಲೆಕ್ಟ್ರೋಡ್ ಹೊತ್ತ 64 ಎಳೆಗಳನ್ನು ಹೊಲಿಯುವುದು ಹೀಗೆಯೇ. ಆದರೂ 2024ರ ಜನವರಿಯಲ್ಲಿ ಮೊದಲ ಬಾರಿಗೆ ಆ ಸಾಧನವನ್ನು ಅಳವಡಿಸಿಕೊಂಡ ವ್ಯಕ್ತಿಯ ಮಿದುಳಿನಿಂದ ಹಲವು ಎಳೆಗಳು ಹಿಂದೆ ಸರಿದವು ಎಂದು ಸಂಸ್ಥೆಯೇ ತಿಳಿಸಿತು.

ಬಾಳಿಕೆಯ ಮಾತಿಗೆ ಬಂದರೆ ನೀರೇ ದೊಡ್ಡ ಶತ್ರು. ಸಿಲಿಕೋನ್ ರಬ್ಬರಿನ ಮೂಲಕ ನೀರಾವಿ ನುಸುಳುತ್ತದೆ. ಆದ್ದರಿಂದಲೇ ಕಿವಿ ಕೇಳದವರಿಗೆ ಅಳವಡಿಸುವ, ದಶಕಗಳಿಂದ ಬಳಕೆಯಲ್ಲಿರುವ ಕಾಕ್ಲಿಯರ್ ಇಂಪ್ಲಾಂಟ್‌ನಲ್ಲಿ ಒಳಗಿವಿಯ ಸುರುಳಿಗೆ ಇಳಿಯುವ ಭಾಗ ಮಾತ್ರ ಪ್ಲಾಟಿನಂ ಬಿಂದುಗಳಿರುವ ಮೆದು ಸಿಲಿಕೋನ್ ಆಗಿದೆ. ಅದರ ಎಲೆಕ್ಟ್ರಾನಿಕ್ ಚಿಪ್ ಕಿವಿಯ ಹಿಂದಿನ ಮೂಳೆಯ ಬಳಿ, ಭದ್ರವಾಗಿ ಮುಚ್ಚಿದ ಗಡಸು ಪೆಟ್ಟಿಗೆಯಲ್ಲೇ ಇರುತ್ತದೆ.